ಹದಿನಾರು ವಾರದ ಮಣೆ

ಕಮಲಾಪುರದ ನಮ್ಮ ಮನೆಯ ದೇವರ ಜಗುಲಿಯ ಪಕ್ಕ, ಗೋಡೆಗೆ ಒರಗಿಸಿಟ್ಟ ಒಂದು ಹಲಸಿನ ಮಣೆಯಿದೆ. ನಮ್ಮ ಅತ್ತೆ ಕೂತು ಕೂತು ನಡುವೆ ಸವೆದು ನುಣುಪಾಗಿದೆ. ಅದರ ಮಹಿಮೆ ಏನೆಂದರೆ, ಅದರ ಮೇಲೆ ಕೂತವರನ್ನು ಅವರು ಏಳುವ ತನಕ ಮನೆಯಲ್ಲಿ ಯಾರೂ ಮಾತಾಡಿಸುವಂತಿಲ್ಲ. ಮದುವೆಯಾಗಿ ಬಂದಂದಿನಿಂದ ಅದನ್ನು ಒರೆಸಿಟ್ಟಿದ್ದೇನೆಯೇ ಹೊರತು ಕೂರುವ ಆಸೆ ನನಗೆಂದೂ ಹುಟ್ಟಿರಲಿಲ್ಲ. ನನ್ನ ಆಸೆಗಳೆಲ್ಲ ಬೇರೆ ಕಡೆಯವು.

ಈಚಿನ ಆಸೆ ಶಾಸನ ಓದುವುದು. ನಗಬೇಡಿ. ಹಂಪಿಯ ದಾರಿಯಲ್ಲೇ ನಮ್ಮ ಬಾಳೆತೋಟ. ಅಕ್ಷರ ಕೆತ್ತಿದ ಕಲ್ಲಿನ ನೆರಳಿನಲ್ಲೇ ಬುತ್ತಿ ಬಿಚ್ಚುವವಳು ನಾನು. ಕನ್ನಡವೇ ಹೌದು, ಆದರೂ ಒಂದಕ್ಷರ ಪರಿಚಯದ್ದೆನಿಸಿದರೆ ಪಕ್ಕದ್ದು ಮುಖ ತಿರುಗಿಸುತ್ತದೆ. ಕುತೂಹಲ ತಡೆಯಲಾರದೆ ಹುಡುಕಿದಾಗ, ಫೋನಿನಲ್ಲೇ ಕಲಿಯಬಹುದಾದ ಕಾಲೇಜಿನ ಕೋರ್ಸೊಂದು ಸಿಕ್ಕಿತು. ಅದೇ ಪಾಠ, ಅದೇ ಪರೀಕ್ಷೆ. ಅವಧಿ ಮಾತ್ರ ಎರಡು ಬಗೆ. ಎಂಟು ವಾರ, ಇಲ್ಲವೇ ಹದಿನಾರು ವಾರ.

ಅಯ್ಯೋ, ಎಂಥ ಇಕ್ಕಟ್ಟು! ಎಂಟು ವಾರದ್ದಕ್ಕೆ ದಿನಾ ಎರಡು ತಾಸು ಬೇಕು. ಒಂದು ಜ್ವರ ಬಂದರೆ, ಇಲ್ಲವೇ ನೆಂಟರು ಬಂದು ನಾಲ್ಕು ದಿನ ಉಳಿದರೆ ಎಲ್ಲ ಹಳ್ಳ ಹಿಡಿಯಿತು. ಹದಿನಾರಕ್ಕೆ ಒಂದು ತಾಸು ಸಾಕು, ಆದರೆ ಅಲ್ಲಿಯ ತನಕ ನನ್ನ ಉಮೇದು ಉಳಿಯಬೇಕಲ್ಲ! ಕಲ್ಲಿನ ಚರಿತ್ರೆ ಓದಹೊರಟವಳ ಸ್ವಂತ ಚರಿತ್ರೆ ಅಷ್ಟೇನೂ ಚೆನ್ನಾಗಿಲ್ಲ: ಹೊಲಿಗೆ ಅರ್ಧಕ್ಕೆ ನಿಂತು, ಯಂತ್ರದ ಮೇಲೀಗ ಟಿವಿ ಕೂತಿದೆ. ಕಂಪ್ಯೂಟರ್ ಕ್ಲಾಸಿನದೂ ಅದೇ ಕಥೆ. ಈ ಸಲವೂ ಬಿಟ್ಟರೆ, ಮತ್ತೊಮ್ಮೆ ‘ಕಲಿಯುತ್ತೇನೆ’ ಎನ್ನಲು ನನಗೆ ಮುಖ ಉಳಿಯುವುದಿಲ್ಲ.

ಒಂದು ಮಧ್ಯಾಹ್ನ ಗೆಳತಿಗೆ ಫೋನಿನಲ್ಲಿ, “ಎಂಟು ವಾರ ಹಿಡೀಲೋ, ಹದಿನಾರು ವಾರ ಹಿಡೀಲೋ, ಒಂದೂ ತಿಳೀವಲ್ದು” ಎನ್ನುತ್ತಿದ್ದೆ. ಮೆಂತ್ಯ ಸೊಪ್ಪು ಸೋಸುತ್ತಿದ್ದ ಅತ್ತೆ ಥಟ್ಟನೆ ತಲೆಯೆತ್ತಿದರು.

“ಎಂಟ್ಯಾಕವ್ವಾ? ಹಿಡಿಯೋದಾದ್ರ ಹದಿನಾರು ಹಿಡಿ. ಭಾಳ ಚಲೋ.”

ನಮ್ಮ ಕಡೆ ‘ವಾರ ಹಿಡಿಯುವುದು’ ಎಂದರೆ ಸೋಮವಾರದ ವ್ರತ ಹಿಡಿಯುವುದು. ಸೊಸೆಗೆ ಕೊನೆಗೂ ಭಕ್ತಿ ಬಂತೆಂದು ಅವರ ಮುಖ ಅರಳಿತ್ತು. ತಿದ್ದಬೇಕಾಗಿತ್ತು, ನನ್ನ ಹಾಳು ಕುತೂಹಲ ಬಿಡಬೇಕಲ್ಲ!

“ನಡುವ ಒಂದು ವಾರ ತಪ್ಪಿದ್ರ ಏನ್ ಮಾಡ್ಬೇಕ್ರಿ ಅತ್ತಿ?”

“ಏನಾಗ್ತೈತಿ? ಕೊನೀಗೆ ಒಂದು ಹಚ್ಚಿದ್ರಾತು. ತಪ್ಪಿದ್ರ ವಾರ ಮುರಿಯಂಗಿಲ್ಲಲೇ, ಬಿಟ್ರ ಮುರೀತೈತಿ.”

ಈ ಮಾತು ನನ್ನನ್ನು ದಿನವಿಡೀ ಕಾಡಿತು, ಅದರೊಡನೆ ‘ವಾರ’ ಎಂಬ ಪದವೂ. ಹಿಂದೆ ಬಡ ಹುಡುಗರು ದಿನಕ್ಕೊಂದು ಮನೆಯಲ್ಲಿ ವಾರಾನ್ನ ಉಂಡು ಓದಿದರು. ಹೊಲವನ್ನು ಪಾಲಿಗೆ ಕೊಡುವುದಕ್ಕೂ ವಾರಕ್ಕೆ ಹಾಕುವುದು ಎನ್ನುತ್ತಾರೆ. ವಾರವೆಂದರೆ ಪಾಲೂ ಹೌದೆಂದಾದರೆ, ನೋಡಿ, ಎಷ್ಟು ವಾರ ಎಂದು ತಲೆ ಕೆಡಿಸಿಕೊಂಡ ನಾನು ಒಂದು ದಿನದಲ್ಲಿ ನನ್ನ ಪಾಲು ಎಷ್ಟೆಂದು ಕೇಳಿಕೊಂಡೇ ಇರಲಿಲ್ಲ. ಕಾಲೇಜು ಅವಧಿಯನ್ನು ಕೊಟ್ಟೀತು, ವ್ಯವಧಾನವನ್ನು ಮನೆಯೇ ಕೊಡಬೇಕು. ಹೊಲಿಗೆ ಕಲಿಯುವಾಗ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಯಾರಾದರೂ ಕರೆಯುತ್ತಿದ್ದರು, ನಾನೂ ಏಳುತ್ತಿದ್ದೆ. ತಪ್ಪಿದ್ದನ್ನು ಕೊನೆಗೆ ಹಚ್ಚಿಕೊಳ್ಳಲು ಎಡೆಯಿರುವ ಹದಿನಾರನ್ನೇ ಆರಿಸಿ ಹೆಸರು ನೋಂದಾಯಿಸಿದೆ.

ಮೊದಲ ಪಾಠ ಸೋಮವಾರ ಸಂಜೆ. ವ್ರತವೆಂದು ನಂಬಿಸಿದ ಅಳುಕು ತಾಳದೆ ಅತ್ತೆಯ ಮುಂದೆ ನಿಂತೆ.

“ಅತ್ತಿ, ನಾ ಹಿಡಿದಿದ್ದು ಆ ವಾರ ಅಲ್ರಿ. ಓದೋದು.”

“ಗೊತ್ತೈತಿ ತಗಿ. ಅವತ್ತ ರಾತ್ರಿ ನಿನ್ ಗಂಡ ಹೇಳ್ಯಾನ.” ಗೋಡೆಗೆ ಒರಗಿದ್ದ ಮಣೆಯನ್ನು ಸೆರಗಿನಿಂದ ಒರೆಸಿ ನೆಲಕ್ಕೆ ಹಾಕಿದರು. “ಕುಂದ್ರು.”

ಕೂತೆ. ಅಂಗಳದಿಂದ ನನ್ನವರ ದನಿ ಬಂತು, “ಚಾ ಆತೇನ?”

“ವಾರ ಹಿಡದಾಳ, ಮಾತಾಡಿಸಬ್ಯಾಡ,” ಅತ್ತೆ ಗದರಿದರು. “ನೀನ ಮಾಡ್ಕೊ. ನಂಗೂ ಒಂದ್ ಕಪ್ ಇಡು.”

ಪಾಠ ತೆರೆದೆ. ಕಲ್ಲಿನ ಮೇಲಿನ ಹಳೆಯ ‘ಅ’ ಪರದೆಯ ತುಂಬ ಮೂಡಿತು. ಅತ್ತೆ ಪಕ್ಕದಿಂದ ಕತ್ತು ಚಾಚಿ ನೋಡಿದರು. ಇದೇನೆಂದು ಕೇಳಲು ತುಟಿ ಬಿಚ್ಚಿದವರು, ನಾನು ಕೂತ ಮಣೆಯನ್ನು ನೋಡಿ ಸುಮ್ಮನಾದರು.