ಎರಡು ಪಾಲಾದ ಸ್ಟ್ರೆಪ್ಟೊಮೈಸಿನ್

1951ರಲ್ಲಿ ನಾನು ಬೈಲಹೊಂಗಲದ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಪ್ರಯೋಗಾಲಯದ ವೈದ್ಯನಾಗಿದ್ದೆ. ಪ್ರಯೋಗಾಲಯವೆಂದರೆ ಒಂದು ಮೈಕ್ರೊಸ್ಕೋಪು, ಸೀಮೆಎಣ್ಣೆ ದೀಪದಿಂದ ಕಾಯುವ ಇನ್‌ಕ್ಯುಬೇಟರು, ಮೂಲೆಯಲ್ಲೊಂದು ಬುಟ್ಟಿ ಕೋಳಿಮೊಟ್ಟೆ. ಕ್ಷಯದ ರೋಗಾಣುವನ್ನು ನಾವು ಬೆಳೆಸುತ್ತಿದ್ದುದು ಮೊಟ್ಟೆಯ ಪಾಕದ ಮೇಲೆ. ಮಡಿವಂತ ಅಡುಗೆಭಟ್ಟರು ನಮ್ಮ ಬಾಗಿಲ ಮುಂದೆ ಮೂಗು ಮುಚ್ಚಿಕೊಂಡೇ ಹಾಯುತ್ತಿದ್ದರು.

ಆ ವರ್ಷ ಸಿರಸಂಗಿಯ ನೀಲವ್ವ ಎರಡನೇ ಸಲ ನಮ್ಮಲ್ಲಿಗೆ ಬಂದಳು. ಮೊದಲ ಸಲ ದೊಡ್ಡ ಡಾಕ್ಟರು ಸ್ಟ್ರೆಪ್ಟೊಮೈಸಿನ್ ಬಾಟಲಿಗಳನ್ನು ಅವಳ ಅತ್ತೆ ಗಂಗವ್ವನ ಕೈಗೆ ಕೊಟ್ಟು, ಊರಿನ ಕಂಪೌಂಡರನಿಂದ ಇಂಜೆಕ್ಷನ್ ಹಾಕಿಸಲು ಹೇಳಿದ್ದರು. ಕ್ಷಯಕ್ಕೆ ಆಗ ನಮ್ಮ ಕೈಯಲ್ಲಿದ್ದ ಮದ್ದು ಅದೊಂದೇ. ಜ್ವರ ಇಳಿದು, ಮೈ ತುಂಬಿಕೊಂಡಿತ್ತು. ಈಗ ಮತ್ತೆ ಕಫದಲ್ಲಿ ರಕ್ತ.

ಮದ್ದು ಇನ್ನೂ ನಾಟುತ್ತದೆಯೇ ಎಂದು ತಿಳಿಯಲು ಅವಳ ಕಫವನ್ನು ಎರಡು ಬಗೆಯ ಟ್ಯೂಬುಗಳಲ್ಲಿ ಬಿತ್ತಿದೆ. ಒಂದರಲ್ಲಿ ಬರೀ ಪಾಕ, ಇನ್ನೊಂದರಲ್ಲಿ ಸ್ಟ್ರೆಪ್ಟೊಮೈಸಿನ್ ಬೆರೆಸಿದ ಪಾಕ. ಎರಡನೆಯದು ಬರಿದಾಗಿ ಉಳಿದರೆ ನೀಲವ್ವ ಬದುಕಿಯಾಳು. ಈ ರೋಗಾಣು ಬಲು ನಿಧಾನಿ, ವಾರಗಟ್ಟಲೆ ಕಾಯಬೇಕು. ವಾರ್ಡಿಗೆ ಹೋದಾಗಲೆಲ್ಲ ಅವಳು ಕೇಳುತ್ತಿದ್ದಳು: "ನನ್ನ ಹುಳ ಸತ್ತುವೇನ್ರಿ?"

ಸಾಯಲಿಲ್ಲ. ಮದ್ದಿದ್ದ ಟ್ಯೂಬಿನಲ್ಲೂ ಒಣರೊಟ್ಟಿಯ ಚೂರಿನಂಥ ಹಳದಿ ಬೆಳೆ ಎದ್ದಿತ್ತು. ಇದಕ್ಕೇ ರೆಸಿಸ್ಟನ್ಸ್ ಎನ್ನುವುದು, ರೋಗಾಣು ಮದ್ದಿಗೆ ಜಗ್ಗದೆ ನಿಲ್ಲುವುದು. ಗಂಗವ್ವನನ್ನು ಕರೆದು, ಇಂಜೆಕ್ಷನ್ ಪೂರಾ ಹಾಕಿಸಿದಿರಾ ಎಂದು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ.

"ಹಾಕಿಸೇನ್ರಿ. ನಡುವ ಸಣ್ಣ ಸೊಸಿನೂ ಕೆಮ್ಮಾಕ ಹತ್ತಿದ್ಲು. ಒಂದೊಂದು ಬಾಟ್ಲಿ ಇಬ್ಬರಿಗೂ ಅರ್ಧರ್ಧ ಹಾಕಿಸಿದೆ. ನಮ್ಮ ಮನ್ಯಾಗ ಸೀರಿ ತಂದ್ರೂ ಸಮ, ಹೋಳಿಗಿ ಮಾಡಿದ್ರೂ ಸಮ. ಒಬ್ಬಾಕಿಗೆ ಹೆಚ್ಚು ಮಾಡಿ ಇನ್ನೊಬ್ಬಾಕಿ ಕಣ್ಣಾಗ ನೀರು ತರಿಸಲೇನ್ರಿ?"

ಆ ಮನೆಯಲ್ಲಿ ಸೊಸೆಯಂದಿರ ಜಗಳ ಎಂದೂ ಬೀದಿಗೆ ಬಂದಿರಲಿಲ್ಲ, ಅದು ಅವಳ ಹೆಮ್ಮೆ. ಅರೆಬರೆ ಮದ್ದಿಗೆ ಬಡಪಾಯಿ ರೋಗಾಣುಗಳಷ್ಟೇ ಸತ್ತು, ಗಟ್ಟಿಯವು ಉಳಿದು ಬೆಳೆದಿದ್ದವು. ಸಣ್ಣ ಸೊಸೆಯ ಕಫ ತರಿಸಿ ನೋಡಿದೆ. ಅದೂ ಹಾಗೇ ಬೆಳೆಯಿತು. ಅಷ್ಟರಲ್ಲಿ ನೀಲವ್ವ ತೀರಿಕೊಂಡಿದ್ದಳು.

ಅರ್ಧರ್ಧ ಮದ್ದಿನಿಂದಲೇ ಹೀಗಾಯಿತೆಂದು ತಿಳಿಸಿದಾಗ ಗಂಗವ್ವ ನನ್ನ ಮೇಜಿನ ಮುಂದೆ ಕುಳಿತಳು. "ಹಂಗಾರ ಯಾರಿಗೆ ಕೊಡಬೇಕಾಗಿತ್ರಿ ನಾ?"

"ಇಬ್ಬರಿಗೂ ಪೂರಾ ಬೇಕಿತ್ತವ್ವಾ."

"ಹಂಗಂತ ಯಾರೂ ಹೇಳಲಿಲ್ಲಲ್ರೀ," ಎಂದಳು.

ನನ್ನ ಸಿಟ್ಟು ಅಲ್ಲೇ ಇಂಗಿತು. ಸಣ್ಣ ಸೊಸೆಯೂ ಬಹಳ ಕಾಲ ಬದುಕಲಿಲ್ಲ. ಟ್ಯೂಬು ನೋಡುವವನು ರೋಗಿಯ ಮನೆಯನ್ನೂ ತಿಳಿದಿರಬೇಕೆಂದು ಈ ವೃತ್ತಿ ನನಗೆ ಕಲಿಸಿದ್ದು ಹೀಗೆ. ನಿವೃತ್ತನಾಗುವವರೆಗೂ, ಮದ್ದಿನ ಬಾಟಲಿ ಯಾರ ಕೈಗಾದರೂ ಹೋಗುವ ಮುನ್ನ ತಪ್ಪದೆ ಕೇಳುತ್ತಿದ್ದೆ: "ಮನ್ಯಾಗ ಇನ್ಯಾರರ ಕೆಮ್ಮಾಕ ಹತ್ಯಾರೇನ್ರಿ?"