ಕಾರಿನೊಳಗಿನ ರೋಗಿ

ನಮ್ಮ ಸ್ಪ್ಯಾನಿಷ್ ಟೀಚರ್ ಒಂದು ನಿಯಮ ಹಾಕಿದ್ದರು. ಶನಿವಾರ ಬೆಳಿಗ್ಗೆ ಕಾರು ಗರಾಜಿನಿಂದ ಹೊರಬಿದ್ದ ಮೇಲೆ, ಕ್ಲಿನಿಕ್ಕಿನ ಗೇಟು ಮುಟ್ಟುವವರೆಗೆ, ನಮ್ಮ ಬಾಯಿಂದ ಬೇರೆ ಯಾವ ಭಾಷೆಯೂ ಬರಕೂಡದು. ಒಬ್ಬರು ರೋಗಿ, ಇನ್ನೊಬ್ಬರು ಡಾಕ್ಟರ್. ರೋಗಿಯಾದವರು ಪುಸ್ತಕದಲ್ಲಿರುವ ಕಾಯಿಲೆ ಹೇಳಬಾರದು, ತಮ್ಮ ಮೈಯಲ್ಲಿ ನಿಜವಾಗಿ ಇರುವುದನ್ನೇ ಹೇಳಬೇಕು. ಸುಳ್ಳು ನೋವಿನ ಶಬ್ದ ಮರೆತುಹೋಗುತ್ತದೆ, ನಿಜವಾದ ನೋವಿನದು ಮರೆಯುವುದಿಲ್ಲ ಎನ್ನುವುದು ಆಕೆಯ ವಾದ. ಆಕೆ ಚಿಲಿ ದೇಶದ ಮುದುಕಿ, ಬಲು ಜೋರು. ಪಾಠ ಒಪ್ಪಿಸದಿದ್ದರೆ ಈ ವಯಸ್ಸಿನಲ್ಲೂ ನಮ್ಮಿಬ್ಬರನ್ನು ಶಾಲೆಯ ಹುಡುಗರ ಹಾಗೆ ಗದರಿಸುತ್ತಿದ್ದರು.

ಈ ವಯಸ್ಸಿಗೆ ಸ್ಪ್ಯಾನಿಷ್ ಯಾಕೆ ಬೇಕಿತ್ತು ಎಂದು ಯಾರಾದರೂ ಕೇಳಿದರೆ, ನನಗೆ ಬೇಕಿರಲಿಲ್ಲ ಎಂದೇ ನಾನು ಹೇಳುವುದು. ಬೇಕಿದ್ದದ್ದು ನನ್ನ ಗಂಡನಿಗೆ. ಅವರು ಮಂಗಳೂರು ಕಡೆಯ ಕ್ಯಾಥೊಲಿಕ್ ಡಾಕ್ಟರ್, ನಾನು ಹುಬ್ಬಳ್ಳಿಯ ಚರ್ಚ್ ಕಾಂಪೌಂಡಿನಲ್ಲಿ ಬೆಳೆದ ನರ್ಸು. ಮನೆಯಲ್ಲಿ ಇಬ್ಬರದೂ ಕನ್ನಡವೇ. ಅವರದು ಅವರ ಕಡೆಯದು, ನನ್ನದು ನನ್ನ ಕಡೆಯದು. ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಮನೆ ಕಟ್ಟಿಸಿದೆವು, ಮಗಳು ಓದಿ ಕೆಲಸಕ್ಕೆ ಸೇರಿದಳು. ಇನ್ನೇನು ಕಾಲು ಚಾಚಿ ಕೂರಬೇಕು ಎನ್ನುವಷ್ಟರಲ್ಲಿ ಇವರಿಗೆ ದೇವರ ಕರೆ ಬಂತು. ಬೊಲಿವಿಯಾ ದೇಶದ ಬೆಟ್ಟದ ಮೇಲೆ ಒಂದು ಸಣ್ಣ ಆಸ್ಪತ್ರೆಯಂತೆ. ಇದ್ದೊಬ್ಬ ಡಾಕ್ಟರ್ ತೀರಿಕೊಂಡಿದ್ದಾರಂತೆ. ಹೆರಿಗೆ ಕಷ್ಟವಾದರೆ ಹೆಂಗಸರನ್ನು ಲಾರಿಯಲ್ಲಿ ಹಾಕಿಕೊಂಡು ಇಡೀ ದಿನ ಬೆಟ್ಟ ಇಳಿಯಬೇಕಂತೆ.

“ದೇವ್ರು ಕರದದ್ದು ನಿಮ್ಮನ್ನ. ನೀವು ಹೋಗ್ರಿ. ನನ್ನ ಯಾಕ ಎಳೀತೀರಿ?” ಎಂದು ನಾನು ಜಗಳ ತೆಗೆದೆ.

“ನಿನ್ನನ್ನು ಬಿಟ್ಟು ನಾನು ಅಲ್ಲಿ ಎಂಥ ಮಾಡ್ಲಿಕ್ಕೆ ಉಂಟು ಮಾರಾಯ್ತಿ?” ಎಂದರು.

ಆ ಒಂದು ಮಾತಿಗೆ ಕರಗಿಹೋದೆ. ಮಂಗಳೂರಿನವರು ಹೀಗೆ ಮೆತ್ತಗೆ ಮಾತಾಡಿಯೇ ಕೆಲಸ ಸಾಧಿಸುವವರು. ಮನೆ ಮಾರಿದೆವು. ಅಡುಗೆಮನೆಯ ಟೈಲ್ಸ್ ಆರಿಸಲು ಒಂದು ಕಾಲದಲ್ಲಿ ಅಂಗಡಿ ಅಂಗಡಿ ಅಲೆದಿದ್ದೆ. ಕೀಲಿ ಕೊಡುವ ದಿನ ಅವನ್ನೇ ಒರೆಸುತ್ತಾ ಅತ್ತೆ. ಮಗಳು ನಮ್ಮನ್ನು ನೋಡಿ “ಯೂ ಗೈಸ್ ಆರ್ ಮೆಂಟಲ್” ಎಂದವಳೇ ಗೆಳತಿಯರ ಜೊತೆ ಫ್ಲ್ಯಾಟಿಗೆ ಹೋದಳು. ಅವಳಿಗೆ ನಮ್ಮ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಯಾವತ್ತೂ ಇಂಗ್ಲಿಷಿನಲ್ಲೇ.

ಬೆಟ್ಟಕ್ಕೆ ಕಳಿಸುವ ಮೊದಲು ಆ ಆಸ್ಪತ್ರೆ ನಡೆಸುವ ಮಿಷನ್‌ನವರು ಒಂದು ಷರತ್ತು ಹಾಕಿದರು. ಒಂದು ವರ್ಷ ಮೆಲ್ಬರ್ನ್‌ನಲ್ಲಿದ್ದು ಭಾಷೆ ಕಲಿಯಬೇಕು, ಜೊತೆಗೆ ಅಲ್ಲಿ ಅವರೇ ನಡೆಸುವ ಶನಿವಾರದ ಕ್ಲಿನಿಕ್ಕಿನಲ್ಲಿ ಸೇವೆ ಮಾಡಬೇಕು. ಆ ಊರಿನ ಅಂಚಿನ ಟ್ರುಗನಿನಾದಲ್ಲಿ ರೆಂಟ್‌ಗೆ ಮನೆ ಹಿಡಿದೆವು. ಹಿತ್ತಲಿನ ಬೇಲಿಯಾಚೆ ಗೋದಾಮುಗಳ ಬೂದು ಗೋಡೆ. ಗಾಳಿ ಬಿಟ್ಟರೆ ಮನೆಯ ತುಂಬ ಧೂಳು. ಕ್ಲಿನಿಕ್ ಇದ್ದದ್ದು ಒಂದು ಚರ್ಚಿನ ಹಿಂದಿನ ಹಾಲ್‌ನಲ್ಲಿ. ಕೊಲಂಬಿಯಾ, ಪೆರು, ಚಿಲಿಯಿಂದ ಸ್ಟೂಡೆಂಟ್ ವೀಸಾದ ಮೇಲೆ ಬಂದು ಆಫೀಸು ಗುಡಿಸುವವರು, ಗೋದಾಮಿನಲ್ಲಿ ಡಬ್ಬಿ ಎತ್ತುವವರು ಅಲ್ಲಿಗೆ ಬರುತ್ತಿದ್ದರು. ಸೊಂಟ, ಮಣಿಕಟ್ಟು, ನಿದ್ದೆಯಿಲ್ಲದ ಕಣ್ಣು. ಡಾಕ್ಟರ ಹತ್ತಿರ ಹೋಗಲು ಭಯ, ರಜೆ ಹಾಕಲು ಇನ್ನೂ ಭಯ. ಒಳ್ಳೆಯ ಕೆಲಸವಾಗಿತ್ತು ಅದು, ಸುಳ್ಳು ಯಾಕೆ ಹೇಳಲಿ.

ಕಾರು ಓಡಿಸುತ್ತಿದ್ದವಳು ನಾನು. ಮೊದಮೊದಲು ರೋಗಿಯೂ ನಾನೇ. ಮೊಣಕಾಲು, ಮೈಗ್ರೇನ್, ಮುಟ್ಟು ನಿಲ್ಲುವ ಕಾಲದ ಸೆಕೆ, ಎಲ್ಲವನ್ನೂ ಹರಕುಮುರುಕು ಸ್ಪ್ಯಾನಿಷ್‌ನಲ್ಲಿ ತೋಡಿಕೊಂಡೆ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ನನ್ನ ಮೊಣಕಾಲಿನ ಬಗ್ಗೆ ಇಷ್ಟು ಗಮನವಿಟ್ಟು ಕೇಳಿದ್ದು ಇದೇ ಮೊದಲು. ಈಸ್ಟರ್ ಕಳೆದ ಮೇಲೆ ಟೀಚರ್ ಪಾತ್ರ ಬದಲಾಯಿಸಿದರು. ಇನ್ನು ಮೇಲೆ ನಾನು ದೊಕ್ತೋರಾ, ಅವರು ರೋಗಿ.

ಮುಂದಿನ ಶನಿವಾರ ರಿಂಗ್ ರೋಡಿಗೆ ಸೇರಿದ ಕೂಡಲೇ ನಾನು ಗತ್ತಿನಿಂದ ಶುರು ಮಾಡಿದೆ. “ದೋಂದೆ ಲೆ ದುಯೆಲೆ?” ಎಲ್ಲಿ ನೋವು ಎಂದರ್ಥ. ಅಲ್ಲಿಂದ ಮುಂದೆ ನಾವಾಡಿದ್ದೆಲ್ಲ ಸ್ಪ್ಯಾನಿಷ್, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನೋವಿಲ್ಲ, ದೊಕ್ತೋರಾ. ಬಲಗೈ ನನ್ನ ಮಾತು ಕೇಳುವುದಿಲ್ಲ.”

“ಯಾವಾಗಿನಿಂದ?”

“ಕ್ರಿಸ್ಮಸ್‌ನಿಂದ.”

ಭಲೇ, ಚೆನ್ನಾಗಿ ಕಲಿತಿದ್ದಾರೆ ಎಂದುಕೊಂಡೆ. “ಏನೇನು ಕಷ್ಟ?”

“ಬರೆದರೆ ಅಕ್ಷರ ಸಣ್ಣದಾಗುತ್ತದೆ. ಸುಮ್ಮನೆ ಕೂತಾಗ ಹೆಬ್ಬೆರಳು ಅಲ್ಲಾಡುತ್ತದೆ. ಅಂಗಿಯ ಗುಂಡಿ ಹಾಕಲು ಬಹಳ ಹೊತ್ತು ಬೇಕು. ಇವತ್ತು ಬೆಳಿಗ್ಗೆ ಹೆಂಡತಿ ಬೈದಳು.”

ಬೈದವಳು ನಾನೇ. “ಅಂಗಿ ಹಾಕ್ಕೊಳ್ಳಾಕ ಮುಹೂರ್ತ ನೋಡಾಕತ್ತೀರೇನ್ರೀ?” ಎಂದು ಬಾಗಿಲಲ್ಲಿ ನಿಂತು ಕೂಗಿದ್ದೆ.

ಮುಂದೆ ಒಂದು ದೊಡ್ಡ ಟ್ರಕ್ಕು, ಪಕ್ಕದಲ್ಲಿ ಇನ್ನೊಂದು. ತಿರುಗಿ ಅವರ ಮುಖ ನೋಡುವಂತಿರಲಿಲ್ಲ. ನರ್ಸಾಗಿ ಇಷ್ಟು ವರ್ಷ ದುಡಿದವಳಿಗೆ ಅದು ಯಾವ ಕಾಯಿಲೆಯ ಲಕ್ಷಣ ಎಂದು ಬೇರೆ ಯಾರೂ ಹೇಳಬೇಕಿರಲಿಲ್ಲ. ಕಾರು ನಿಲ್ಲಿಸಿ ಕನ್ನಡದಲ್ಲಿ ‘ಏನ್ರೀ ಇದು’ ಎಂದು ಕೇಳಬೇಕಿತ್ತು. ಕೇಳಿದರೆ ಈ ಮನುಷ್ಯ ಮತ್ತೆ ಬಾಯಿ ಮುಚ್ಚಿಬಿಡುತ್ತಾರೆ ಎಂದು ಹೆದರಿದೆ. ದೊಕ್ತೋರಾ ಆಗಿಯೇ ಉಳಿದೆ.

“ಹೆಂಡತಿಗೆ ಹೇಳಿದಿರಾ?”

“ಇಲ್ಲ.”

“ಯಾಕೆ?”

“ಅವಳು ನನಗೋಸ್ಕರ ಎಲ್ಲ ಬಿಟ್ಟು ಬಂದಿದ್ದಾಳೆ. ನಾನು ಹೇಳಿದರೆ ಮಿಷನ್ ನಮ್ಮನ್ನು ಕಳಿಸುವುದಿಲ್ಲ. ಆಗ ಅವಳು ಬಿಟ್ಟದ್ದೆಲ್ಲ ಸುಮ್ಮನೆ.”

“ಬೆಟ್ಟದ ಆಸ್ಪತ್ರೆಯಲ್ಲಿ ನೀವೊಬ್ಬರೇ ಡಾಕ್ಟರ್ ಅಲ್ಲವೆ? ಆ ಕೈಯಲ್ಲಿ ಹೇಗೆ ಆಪರೇಷನ್ ಮಾಡುತ್ತೀರಿ?”

ಅಷ್ಟರಲ್ಲಿ ಕಾರು ಕ್ಲಿನಿಕ್ಕಿನ ಗೇಟು ದಾಟಿತು. ಇವರು ಸೀಟ್ ಬೆಲ್ಟ್ ಬಿಚ್ಚುತ್ತಾ, “ಮಧ್ಯಾಹ್ನಕ್ಕೆ ಎಂಥ ಉಂಟು?” ಎಂದು ಕೇಳಿದರು. ಅನ್ನ, ಸಾರು ಎಂದೆ. ಒಣಮೀನು ಹುರಿಯಲಿಕ್ಕಾಗುತ್ತದಾ ಎಂದರು. ಆಗುತ್ತದೆ ಎಂದೆ.

ಒಂದು ಮಾತು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ. ಅವತ್ತು ಮಧ್ಯಾಹ್ನ ಮೀನು ಹುರಿಯುತ್ತಾ ನಿಂತಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ‘ಸದ್ಯ, ಬೊಲಿವಿಯಾ ತಪ್ಪಿತು’ ಎಂಬ ಯೋಚನೆ. ಅದರ ಹಿಂದೆಯೇ ಬಂದ ಸಂಕಟಕ್ಕೆ ಒಲೆ ಆರಿಸಿ ಅಲ್ಲೇ ಕುಕ್ಕರಿಸಿದೆ. ಬೇಡ ಬೇಡ ಎಂದು ನಾನೇ ಗೋಳಾಡಿದ್ದೆನಲ್ಲ, ದೇವರು ಅದನ್ನು ಹೀಗೆ ಕೇಳಿಸಿಕೊಳ್ಳಬೇಕಿತ್ತೆ? ಆ ವಾರ ಪೂರ್ತಿ ನಾನು ದೇವರ ಹತ್ತಿರ ಮಾತು ಬಿಟ್ಟೆ. ಸಂಜೆಯ ಪ್ರಾರ್ಥನೆಗೆ ಇವರ ಪಕ್ಕದಲ್ಲಿ ಮೊಣಕಾಲೂರಿದ್ದು ನಿಜ, ಬಾಯಿ ಮಾತ್ರ ಬಿಗಿದಿತ್ತು.

ಆಮೇಲೆ ಅದೇ ರೂಢಿಯಾಯಿತು. ವಾರವೆಲ್ಲ ಕನ್ನಡದಲ್ಲಿ ರೆಂಟ್, ಅಕ್ಕಿ, ಬಟ್ಟೆ ಒಗೆಯುವ ಮಷಿನ್. ಶನಿವಾರ ಕಾರಿನಲ್ಲಿ ಆ ಕೈ. ಸ್ಪೆಷಲಿಸ್ಟರನ್ನು ನೋಡಲೇಬೇಕು ಎಂದು ದೊಕ್ತೋರಾ ಗದರಿದಳು, ನೋಡುತ್ತೇನೆ ಎಂದು ರೋಗಿ ಒಪ್ಪಿದ. ಒಂದು ದಿನ ಇವರು ಕಾರು ಸರ್ವೀಸ್ ಮಾಡಿಸಿಕೊಂಡು ಬರುತ್ತೇನೆಂದು ಹೋಗಿ ಸಂಜೆ ಬಂದರು. ಕಾರು ಧೂಳು ಹೊತ್ತುಕೊಂಡೇ ಬಂದಿತ್ತು. ನಾನು ಊಟಕ್ಕೆ ಬಡಿಸಿದೆ. ಶನಿವಾರ ರಿಂಗ್ ರೋಡಿನಲ್ಲಿ ರೋಗಿ ಹೇಳಿದ, “ಪಾರ್ಕಿನ್ಸನ್ ಅಂತೆ, ದೊಕ್ತೋರಾ.” ಗುಣವಾಗುವ ಕಾಯಿಲೆಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಸಮಾಧಾನ ಹೇಳುವಷ್ಟು ಸ್ಪ್ಯಾನಿಷ್ ನನಗೆ ಬರುತ್ತಿರಲಿಲ್ಲ. ಕನ್ನಡದಲ್ಲಿಯೂ ಬರುತ್ತಿತ್ತೆಂದು ಹೇಳಲಾರೆ.

ಅವತ್ತೇ ಕ್ಲಿನಿಕ್ಕಿಗೆ ಒಬ್ಬ ಹುಡುಗಿ ಬಂದಳು. ಆಫೀಸಿನ ಗಾಜು ಒರೆಸುವಾಗ ಅಂಗೈ ಸೀಳಿಕೊಂಡಿತ್ತು. ಇವರು ಕೈತೊಳೆದು, ಗ್ಲೌಸ್ ಹಾಕಿ, ಸೂಜಿ ಹಿಡಿದರು. ಸೂಜಿಯ ತುದಿ ಒಂದು ಕಡೆ ನಿಲ್ಲಲಿಲ್ಲ. ಹುಡುಗಿ ಸೂಜಿಯನ್ನು ನೋಡಿದಳು, ನನ್ನನ್ನು ನೋಡಿದಳು. ಇವರು ಮೆಲ್ಲಗೆ ಸೂಜಿ ಕೆಳಗಿಟ್ಟು, ಕನ್ನಡಕ ತಂದಿಲ್ಲ ಎಂದು ಹೇಳಿ ಪಕ್ಕದ ಡಾಕ್ಟರನ್ನು ಕರೆದರು. ಕನ್ನಡಕ ಅವರ ಮೂಗಿನ ಮೇಲೇ ಇತ್ತು. ಆ ದಿನದಿಂದ ಯಾವ ರೋಗಿಯ ಮೈಗೂ ಸೂಜಿ ತಾಗಿಸಲಿಲ್ಲ.

ಇಷ್ಟಾದರೂ ಇವರು ಮಿಷನ್‌ಗೆ ಒಂದು ಮಾತು ಹೇಳಲಿಲ್ಲ. ಟಿಕೆಟ್ ಬುಕ್ ಆಯಿತು. ಸಿಡ್ನಿಯ ಗೆಳೆಯರು ಪೆಂಡಲ್ ಹಿಲ್‌ನಲ್ಲಿ ಹಾಲ್ ಹಿಡಿದು ನಮಗೊಂದು ಬೀಳ್ಕೊಡುಗೆಯ ಊಟ ಇಟ್ಟುಕೊಂಡರು. ಹೊರಡುವ ಮುಂಚಿನ ಶನಿವಾರ ನಾನು ಕಾರಿನಲ್ಲಿ ನೇರವಾಗಿ ಕೇಳಿದೆ. “ರೋಗಿ ಏನು ಮಾಡುತ್ತಾನೆ? ಆ ಬೆಟ್ಟದ ಹೆಂಗಸರು ಇವನ ಕೈ ನಂಬಿ ಬರುತ್ತಾರೆ.”

“ರೋಗಿ ಸಿಡ್ನಿಯಲ್ಲಿ ಹೇಳುತ್ತಾನೆ, ದೊಕ್ತೋರಾ. ಮಗಳ ಮುಂದೆ, ಎಲ್ಲರ ಮುಂದೆ.”

ನಂಬಿದೆ. ನಂಬದೆ ಏನು ಮಾಡಲಿ?

ಪೆಂಡಲ್ ಹಿಲ್‌ನ ಹಾಲ್ ತುಂಬ ಜನ. ಮಂಗಳೂರಿನವರ ಮನೆಗಳಿಂದ ಇಡ್ಲಿಯಂಥ ಸನ್ನ, ಹಂದಿ ಸಾರು. ಸ್ಟೇಷನ್ ಹತ್ತಿರದ ಹೋಟೆಲಿನಿಂದ ಬಿರಿಯಾನಿ. ಪಾದ್ರಿಗಳು ನಮ್ಮಿಬ್ಬರ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಮಿಷನ್‌ನ ಹಿರಿಯರೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಮಗಳು ನನ್ನ ಪಕ್ಕದಲ್ಲಿ ನಿಂತು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದಳು. ಜಗಳವೆಲ್ಲ ಮರೆತು ಅಪ್ಪನಿಗೆ ಬೆಚ್ಚನೆಯ ಜಾಕೆಟ್ ತಂದಿದ್ದಳು, ಬೆಟ್ಟದ ಚಳಿಗೆ ಎಂದು.

ಇವರನ್ನು ಮಾತಾಡಲು ಕರೆದರು. ಮೈಕ್ ಹಿಡಿದರು, ಎಡಗೈಯಲ್ಲಿ. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಗೆಳೆಯರಿಗೆ ಥ್ಯಾಂಕ್ಸ್ ಹೇಳಿದರು, ಅಡುಗೆ ಮಾಡಿದವರಿಗೆ ಹೇಳಿದರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ. ಒಂದೆರಡು ಸಲ ಬಾಯಿ ತೆರೆದರು. ಮತ್ತೆ ಅಡುಗೆಯನ್ನೇ ಹೊಗಳಿದರು.

ಅಷ್ಟರಲ್ಲಿ ಬೆಂಗಳೂರಿನ ಆಂಟಿಯೊಬ್ಬರು ಹಿಂದಿನಿಂದ ಕೂಗಿದರು. “ಡಾಕ್ಟ್ರೇ, ಒಂಚೂರು ಸ್ಪ್ಯಾನಿಷ್ ಬಿಡಿ ನೋಡೋಣ! ವರ್ಷದಿಂದ ಕಲೀತಿದೀರಂತೆ!”

ಎಲ್ಲರೂ ನಕ್ಕರು, ಮೇಜು ಬಡಿದರು. ಇವರು ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಜೇಬಿನಿಂದ ಬಲಗೈ ಹೊರತೆಗೆದು, ಸ್ಪ್ಯಾನಿಷ್‌ನಲ್ಲಿ, ನಿಧಾನವಾಗಿ, ಒಂದೂ ತಪ್ಪಿಲ್ಲದೆ ಹೇಳಿದರು.

ಚಪ್ಪಾಳೆಯೋ ಚಪ್ಪಾಳೆ. “ವಾರೆವ್ಹಾ! ಏನ್ ಫ್ಲೂಯೆಂಟ್ ರೀ!” ಎಂದರು ಆಂಟಿ. ಯಾರೋ ಸಿಳ್ಳೆ ಹಾಕಿದರು. ಮಿಷನ್‌ನ ಹಿರಿಯರೊಬ್ಬರೇ ಕೈ ತಟ್ಟದೆ ಕೂತಿದ್ದರು. ಅವರಿಗೆ ಆ ಭಾಷೆ ಬರುತ್ತಿತ್ತು.

ಮಗಳು ನಗುತ್ತಾ ನನ್ನ ತೋಳು ತಿವಿದಳು. “ಅಮ್ಮಾ, ವಾಟ್ ಡಿಡ್ ಹಿ ಸೇ?”

ಸುತ್ತ ಇದ್ದವರೂ ನನ್ನ ಕಡೆ ತಿರುಗಿದರು. ಏನಂದ್ರು, ಏನಂದ್ರು ಎಂದು ಕೇಳಿದರು. ನಮಗೆಲ್ಲ ಥ್ಯಾಂಕ್ಸ್ ಹೇಳಿದರು ಎಂದುಬಿಟ್ಟರೆ ಆ ಗಳಿಗೆ ದಾಟಿಹೋಗುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಇವರು ಮೈಕ್ ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದರು.

ಮಗಳ ಮುಖ ನೋಡಿ ಹೇಳಿದೆ. “ನನಗ ಪಾರ್ಕಿನ್ಸನ್ ಆಗೇದ. ನಾ ಇನ್ನ ಎಲ್ಲಿಗೂ ಹೋಗೂದಿಲ್ಲ. ನನ್ನ ಮಗಳಿಗೆ ಇದನ್ನ ಹೆಂಗ ಹೇಳಬೇಕು ಗೊತ್ತಿಲ್ಲ. ಹಂಗಂದ್ರು ನಿಮ್ಮಪ್ಪ.”

ಹಾಲ್ ಒಂದು ಕಡೆಯಿಂದ ಸುಮ್ಮನಾಯಿತು. ವಿಷಯ ತಲುಪದ ಮೂಲೆಯಲ್ಲಿ ಇನ್ನೂ ಚಪ್ಪಾಳೆ ನಡೆದಿತ್ತು. ಮಗಳು ಫೋನ್ ಇಳಿಸುವುದನ್ನೂ ಮರೆತು ನಿಂತಳು. ಆಂಟಿ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲಿಯೇ ಕುರ್ಚಿಯಲ್ಲಿ ಕೂತುಬಿಟ್ಟರು.

ಇವರು ಮೈಕನ್ನು ಮೇಜಿನ ಮೇಲಿಟ್ಟು ನನ್ನ ಹತ್ತಿರ ಬಂದರು.

“ಹೇಳಿದಿಯಾ?” ಎಂದು ಕೇಳಿದರು.

“ಹೇಳಿದ್ನಿ.”

“ಒಳ್ಳೇದಾಯ್ತು ಮಾರಾಯ್ತಿ. ನಂಗೆ ಕನ್ನಡದಲ್ಲಿ ಹೇಳ್ಲಿಕ್ಕೆ ಆಗ್ತಾನೇ ಇರ್ಲಿಲ್ಲ.”

ಅಷ್ಟು ಜನರ ಮುಂದೆ ಅವರ ಅಂಗಿ ಹಿಡಿದು ಕೇಳಿದೆ.

“ನನಗ ಹೇಳಾಕ ಆಗತದ ಅಂತ ನಿಮಗ ಯಾರು ಹೇಳಿದ್ರು?”