ಒಂದೇ ರೀತಿಯ ಇನ್ನೂರ ಹದಿನಾಲ್ಕು ಚಿತ್ರಗಳು

ಲೂಯಿಜಾಬಾಯಿಯ ಫೋನಿನಲ್ಲಿದ್ದ ಇನ್ನೂರ ಹದಿನಾಲ್ಕು ಕೌದಿಗಳ ಫೋಟೋಗಳನ್ನು ಅಪ್‌ಡೇಟ್ ತಿನ್ನಲಿಲ್ಲ. ಅಳಿಸಿದವನು ನಾನು. ಹಾಡಹಗಲೇ, ಸ್ಟಾಫ್ ರೂಮಿನಲ್ಲಿ ಕುಳಿತು, ಒಂದು ಕೈಯಲ್ಲಿ ಚಹಾದ ಕಪ್ಪು ಹಿಡಿದುಕೊಂಡು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಅಳಿಸಿದೆ. ಆಮೇಲೆ ಸುಳ್ಳು ಹೇಳಿದೆ. ಮಾಡಿದ್ದಕ್ಕಿಂತ ಹೇಳಿದ್ದೇ ದೊಡ್ಡ ತಪ್ಪೆಂದು ಕೆಲವು ದಿನ ಅನಿಸುತ್ತದೆ. ಕೆಲವು ದಿನ — ಇಲ್ಲ, ಎರಡನ್ನೂ ತೂಗಿ ನೋಡುವ ಕೆಲಸ ನನ್ನದಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನಾನು ಹಳಿಯಾಳದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಡ್ರಾಯಿಂಗ್ ಮಾಸ್ತರನ ಮರ್ಯಾದೆ ಎಷ್ಟೆಂದು ಶಾಲೆ ಕಲಿತವರಿಗೆಲ್ಲ ಗೊತ್ತು. ಪರೀಕ್ಷೆ ಹತ್ತಿರ ಬಂತೆಂದರೆ ನನ್ನ ಪಿರಿಯಡ್ಡು ಗಣಿತದವರ ಪಾಲು. ಹಾಗಿರುವಾಗ ಒಂದು ದಿನ ಹೆಡ್‌ಮಾಸ್ತರರ ಫೋನು ಸತ್ತಂತೆ ಬಿದ್ದಿತ್ತು. ನಾನು ಅದನ್ನು ಆಫ್ ಮಾಡಿ ಆನ್ ಮಾಡಿದೆ, ಅಷ್ಟೇ. ಅದು ಎದ್ದು ಕೂತಿತು. ಅಂದಿನಿಂದ ನಾನು ಶಾಲೆಯ ಮೊಬೈಲ್ ಪಂಡಿತ. ಗಣಿತದವರೇ ನನ್ನ ಹತ್ತಿರ ಬಂದು, "ಸರ, ಸ್ವಲ್ಪ ನೋಡ್ರಿ" ಎಂದು ನಿಲ್ಲುತ್ತಿದ್ದರು. ಆ ಸುಖ ನನ್ನ ತಲೆಗೆ ಏರಿತು.

ಹೇಗೆ ಏರಿತೆಂದರೆ — ಬೆಳಿಗ್ಗೆ ಎದ್ದವನು ಮುಖ ತೊಳೆಯುವ ಮೊದಲು ಸೆಟ್ಟಿಂಗ್ಸ್ ತೆರೆದು ಹೊಸ ಅಪ್‌ಡೇಟ್ ಬಂದಿದೆಯೇ ಎಂದು ನೋಡುತ್ತಿದ್ದೆ. ಬಂದಿರದಿದ್ದರೆ ದಿನವೆಲ್ಲ ಸಪ್ಪೆ. ಮಾಡಬೇಕಾದ ಕೆಲಸ ಬರೆದಿಡಲು ನಾಲ್ಕು ಆ್ಯಪ್ ಇಟ್ಟುಕೊಂಡಿದ್ದೆ. ನೀರು ಕುಡಿಯಲು ನೆನಪಿಸುವುದೊಂದು. ಫೋನಿನಲ್ಲಿ ಎಷ್ಟು ಹೊತ್ತು ಹಾಳು ಮಾಡಿದೆ ಎಂದು ಲೆಕ್ಕ ಹೇಳುವುದು ಇನ್ನೊಂದು — ಆ ಲೆಕ್ಕ ನೋಡುವುದರಲ್ಲೇ ಅರ್ಧ ತಾಸು ಹೋಗುತ್ತಿತ್ತು. 'ಹಾಲು ತರುವುದು' ಎಂದು ನಾಲ್ಕೂ ಕಡೆ ಬರೆದು, ನಾಲ್ಕಕ್ಕೂ ಬೇರೆ ಬೇರೆ ಬಣ್ಣ ಕೊಟ್ಟು, ಕೈಬೀಸಿಕೊಂಡು ಮನೆಗೆ ಹೋದ ದಿನ ನನ್ನ ಹೆಂಡತಿ ಸುಮಿತ್ರಾ ಕರಿ ಚಹಾ ತಂದಿಟ್ಟಳು. "ನಾಕ ಕಡೆ ಬರದೀರಿ. ಒಂದ ಕಡೆಯಿಂದರ ತಂದಿದ್ರ ಹಾಲಿನ ಚಹಾ ಆಗತಿತ್ತು" ಎಂದಳು. ಅವಳು ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಿಂದ ಬರೆಯುವವಳು. ಅವಳದು ಒಂದೂ ತಪ್ಪಿದ್ದಿಲ್ಲ. ಅದಕ್ಕೆ ನನಗೆ ಸಿಟ್ಟು ಬರುತ್ತಿತ್ತು.

ಲೂಯಿಜಾಬಾಯಿ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು. ಸಿದ್ದಿ ಜನ, ಊರು ಹಳಿಯಾಳದಿಂದ ಬಸ್ಸಿನಲ್ಲಿ ಅರ್ಧ ತಾಸು, ಕಾಡಿನ ಅಂಚಿಗೆ. ಶಾಲೆ ಮುಗಿಸಿ ಹೋಗಿ ಸಂಜೆಯೆಲ್ಲ ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆ, ಹರಿದ ಅಂಗಿ, ಯಾರದೋ ಲಂಗ, ಯಾವುದನ್ನೂ ಬಿಡುತ್ತಿರಲಿಲ್ಲ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಹೂವಿನ ಹಾಗೆ ಕೂಡಿಸುತ್ತಾರೆ, ಅದಕ್ಕೆ ಫುಲಾ ಎನ್ನುತ್ತಾರೆ. ಫುಲಾ ಇಲ್ಲದ ಕೌದಿ ಬರಿಮೈಯಲ್ಲಿ ನಿಂತ ಹಾಗೆ ಎಂದು ಅವರೇ ಒಮ್ಮೆ ನನಗೆ ಹೇಳಿದ್ದರು. ಹೊಲಿದದ್ದು ಮನೆಯಲ್ಲಿ ಉಳಿಯುತ್ತಿರಲಿಲ್ಲ. ಒಂದು ಬಾಣಂತನಕ್ಕೆ, ಒಂದು ಮದುವೆಗೆ, ಒಂದು ಕೊಂಡವರ ಮನೆಗೆ. ಅವರ ಹತ್ತಿರ ಉಳಿಯುತ್ತಿದ್ದದ್ದು ಫೋನಿನಲ್ಲಿ ಹಿಡಿದ ಒಂದೊಂದು ಫೋಟೋ ಮಾತ್ರ.

ಐದು ವರ್ಷದ ಹಿಂದೆ, ಬೇಸಿಗೆ ರಜೆಯ ಹಿಂದಿನ ದಿನ ಮಧ್ಯಾಹ್ನ ಅವರು ಸೆರಗಿಗೆ ಕೈ ಒರಸುತ್ತ ಸ್ಟಾಫ್ ರೂಮಿನ ಬಾಗಿಲಿಗೆ ಬಂದರು.

"ಮಾಸ್ತರ್ರ, ಇದು ಏನೋ ಅಪ್‌ಡೇಟ್ ಕೇಳಾಕತ್ತೈತಿ. ಇಲ್ಲಂದ್ರ ಮೆಸೇಜ ಹೋಗೂದಿಲ್ಲಂತ. ಸಂಜಿ ಒಳಗ ಹುಬ್ಬಳ್ಳಿಗೆ ಫೋಟೋ ಕಳಸ್ಬೇಕ್ರಿ."

ಹುಬ್ಬಳ್ಳಿಯಲ್ಲಿ ಒಂದು ಕರಕುಶಲ ಮೇಳ ನಡೆಯುವುದಿತ್ತು. ನಡೆಸುವವರು ಕೌದಿಗಳ ಫೋಟೋ ನೋಡಿ ಮನಸ್ಸಿಗೆ ಬಂದರೆ ಒಂದು ಮಳಿಗೆ ಕೊಡುತ್ತೇವೆ ಎಂದಿದ್ದರಂತೆ. ಅಷ್ಟು ಹೇಳಿ, ಫೋನು ಟೇಬಲ್ಲಿನ ಮೇಲಿಟ್ಟು ಲೂಯಿಜಾಬಾಯಿ ಪಾತ್ರೆ ತೊಳೆಯಲು ಹೋದರು. ಇಷ್ಟು ಸಣ್ಣ ಕೆಲಸಕ್ಕೆ ನಾನು ಯಾಕೆ ಎಂಬಂತೆ ನಕ್ಕು ಫೋನು ಎತ್ತಿಕೊಂಡೆ.

ಫೋನಿನಲ್ಲಿ ಜಾಗ ಇರಲಿಲ್ಲ. ಜಾಗ ಇಲ್ಲದೆ ಅಪ್‌ಡೇಟ್ ಇಳಿಯುವುದಿಲ್ಲ. ನನ್ನ ಹತ್ತಿರ ಆಗ ಹೊಸದಾಗಿ ಒಂದು ಫೋನು ಸ್ವಚ್ಛ ಮಾಡುವ ಆ್ಯಪ್ ಇತ್ತು, ಅದನ್ನು ಅವರ ಫೋನಿಗೂ ಹಾಕಿದೆ. ಅದು ಒಂದು ನಿಮಿಷ ಗರಗರ ತಿರುಗಿ ಹೇಳಿತು — ಒಂದೇ ರೀತಿಯ ಚಿತ್ರಗಳು: ಇನ್ನೂರ ಹದಿನಾಲ್ಕು. ಅಳಿಸಬೇಕೆ? ನಾನು ತೆರೆದು ನೋಡಲಿಲ್ಲ ಎಂದು ಹೇಳಿ ಪಾರಾಗಬಹುದಿತ್ತು. ಆದರೆ ನೋಡಿದೆ. ಮೇಲಿನಿಂದ ಕೆಳಗೆ ಒಮ್ಮೆ ಬೆರಳಾಡಿಸಿದೆ. ಬಟ್ಟೆ, ಬಟ್ಟೆ, ಬಟ್ಟೆ. ಚೌಕ, ಚೌಕ, ಚೌಕ. ಹೌದು, ಎಲ್ಲ ಒಂದೇ, ಎಂದುಕೊಂಡೆ. ಒತ್ತಿದೆ. ಭಾರಿ ಚುರುಕಿನ ಆ್ಯಪ್ ಎಂದು ಪಕ್ಕದಲ್ಲಿದ್ದ ಹಿಂದಿ ಟೀಚರಿಗೆ ತೋರಿಸಿದೆ ಕೂಡ.

ಅಪ್‌ಡೇಟ್ ಚೆನ್ನಾಗಿಯೇ ಆಯಿತು. ಲೂಯಿಜಾಬಾಯಿ ಬಂದು ಫೋನು ತೆಗೆದುಕೊಂಡು ಹುಡುಕಿದರು. ಮತ್ತೆ ಹುಡುಕಿದರು. ಆಮೇಲೆ ನನ್ನ ಮುಖ ನೋಡಿದರು. ಯಾವ ಚಿತ್ರಗಳನ್ನು ಕಳಿಸಬೇಕಿತ್ತು ಎಂದು ಆಗಷ್ಟೇ ಹೊಳೆಯಿತು. ಮತ್ತು ಬಾಯಿ — ನನ್ನ ಬಾಯಿ ನನಗಿಂತ ಮೊದಲು ಹೊರಟಿತ್ತು.

"ಅಪ್‌ಡೇಟ್‌ನ್ಯಾಗ ಹೋಗ್ಯಾವ್ರಿ ಬಾಯಿ. ಒಮ್ಮೊಮ್ಮೆ ಹಿಂಗ ತಿಂದಬಿಡ್ತೈತಿ."

"ಎಲ್ಲಾನೂ?"

"ಎಲ್ಲಾನೂ."

ಅವರ ಊರಿನಲ್ಲಿ ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್. ಹಾಗಾಗಿ ಆ ಫೋಟೋಗಳ ನಕಲು ಬೇರೆಲ್ಲೂ ಇರಲಿಲ್ಲ. ಲೂಯಿಜಾಬಾಯಿ ಫೋನನ್ನು ಸೆರಗಿನಿಂದ ಒರಸಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ, "ಹೋಗ್ಲಿ ಬಿಡ್ರಿ, ನೀವೇನ ಮಾಡ್ತೀರಿ. ಫೋನರ ಉಳೀತಲ್ಲ" ಎಂದು ನನಗೇ ಸಮಾಧಾನ ಹೇಳಿ ಬಸ್ಸಿಗೆ ಹೋದರು. ಮಳಿಗೆ ಬೇರೆ ಯಾರಿಗೋ ಹೋಯಿತು.

ಇಲ್ಲಿಗೆ ನಿಂತಿದ್ದರೆ ಅದು ಒಂದು ತಪ್ಪು. ಎರಡನೆಯದು ಇನ್ನೂ ಕೆಟ್ಟದ್ದು. ಒಂದು ವಾರದ ನಂತರ ಯಾವುದೋ ವಿಡಿಯೋ ನೋಡುತ್ತಿದ್ದಾಗ ಗೊತ್ತಾಯಿತು, ಅಳಿಸಿದ ಫೋಟೋಗಳು ಫೋನಿನ ಕಸದ ಬುಟ್ಟಿಯಲ್ಲಿ ಮೂವತ್ತು ದಿನ ಇರುತ್ತವಂತೆ. ಒಂದು ಗುಂಡಿ ಒತ್ತಿದರೆ ವಾಪಸ್ಸು. ಮೊಬೈಲ್ ಪಂಡಿತನಿಗೆ ಅಷ್ಟೂ ಗೊತ್ತಿರಲಿಲ್ಲ. ಅವರ ಊರಿಗೆ ಹೋಗಿ ಫೋನು ಕೇಳಿ ತೆಗೆದುಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಅಪ್‌ಡೇಟ್ ತಿಂದದ್ದು ಹೊಟ್ಟೆಯಿಂದ ಹೊರಗೆ ಹೇಗೆ ಬಂತು ಎಂದು ಕೇಳಿದರೆ? ಏನಾದರೂ ಹೇಳಬಹುದು, ನಾಳೆ ಯೋಚಿಸಿದರಾಯಿತು ಎಂದು ನಾಲ್ಕೂ ಆ್ಯಪ್‌ಗಳಲ್ಲಿ ಬರೆದೆ: 'ಲೂಯಿಜಾಬಾಯಿ — ಫೋಟೋ — ತುರ್ತು.' ಕೆಂಪು ಬಣ್ಣ. ಮರುದಿನ ಬೆಳಿಗ್ಗೆ ನಾಲ್ಕೂ ಕೂಡಿ ಬಡಿದುಕೊಂಡವು. ನಾಲ್ಕನ್ನೂ 'ನಾಳೆಗೆ' ತಳ್ಳಿದೆ. ಅದರ ಮರುದಿನ ಮತ್ತೆ. ಇಪ್ಪತ್ತೆರಡು ದಿನ ದೂಡಿದೆ. ನೀರು ಕುಡಿ ಎಂದದ್ದನ್ನು ಮಾತ್ರ ತಪ್ಪದೆ ಕೇಳಿದೆ. ಮೂವತ್ತು ದಿನ ಕಳೆದ ಮೇಲೆ ನಾಲ್ಕರಿಂದಲೂ ಆ ಸಾಲನ್ನು ತೆಗೆದುಹಾಕಿದೆ. ಪಟ್ಟಿ ಸ್ವಚ್ಛವಾಯಿತು, ಒಂದು ಆ್ಯಪ್ ನನಗೆ ಅಭಿನಂದನೆ ಹೇಳಿತು.

ಶಾಲೆ ಮತ್ತೆ ತೆರೆದ ದಿನ ಲೂಯಿಜಾಬಾಯಿ ಒಂದು ಕೌದಿ ಮಡಚಿ ತಂದು ನನ್ನ ಟೇಬಲ್ಲಿನ ಮೇಲೆ ಇಟ್ಟರು. "ಫೋನ್ ಉಳಿಸಿಕೊಟ್ಟೀರಲ್ರಿ. ಮಳಿಗಾಲ ಐತಿ, ಹೊತ್ಕೊಳ್ರಿ" ಎಂದರು. ನಾನು ತೆಗೆದುಕೊಂಡೆ. ಬೇಡ ಎನ್ನಲಿಲ್ಲ. ಒಂದು ದಿನವೂ ಹೊದೆಯಲಿಲ್ಲ, ಟ್ರಂಕಿನಲ್ಲಿಟ್ಟೆ. ಇಷ್ಟು ಚಂದದ ಕೌದಿ ಒಳಗೆ ಯಾಕೆ ಎಂದು ಸುಮಿತ್ರಾ ಕೇಳಿದಾಗ ನನಗೆ ಸೆಕೆ ಎಂದೆ. ಜೋರು ಮಳೆ ಹೊಡೆಯುತ್ತಿತ್ತು.

ಸುಳ್ಳು ಅಷ್ಟಕ್ಕೇ ನಿಲ್ಲಲಿಲ್ಲ, ಊರು ತಿರುಗಿತು. ಎರಡು ವರ್ಷದ ಹಿಂದೆ ಮುಂಡಗೋಡದ ಬಸ್ ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಸಂತೆಗೆ ಬಂದ ಇಬ್ಬರು ಹೆಣ್ಣುಮಕ್ಕಳು ಪಕ್ಕದಲ್ಲಿ ಕುಳಿತಿದ್ದರು. ಒಬ್ಬಳ ಫೋನು ಟಿಣ್ ಎಂದು ಅಪ್‌ಡೇಟ್ ಕೇಳಿತು. ಇನ್ನೊಬ್ಬಳು ಅವಳ ಕೈ ಹಿಡಿದಳು. "ಅದನ್ನ ಒತ್ತಬ್ಯಾಡವಾ, ಫೋಟೋ ತಿಂತೈತಿ. ಹಳಿಯಾಳದಾಗ ಒಬ್ಬ ಭಾಳ ಶಾಣ್ಯಾ ಮಾಸ್ತರ ಹೇಳ್ಯಾನಂತ." ಶಾಣ್ಯಾ ಮಾಸ್ತರ ಎದ್ದು ಹೋಗಿ ದೂರದ ಕಂಬಕ್ಕೆ ಒರಗಿ ನಿಂತ.

ನಿವೃತ್ತನಾದ ಮೇಲೆ, ಕಳೆದ ವರ್ಷ, ದಾಂಡೇಲಿಯಿಂದ ಹೆಣ್ಣುಮಕ್ಕಳ ಸಂಘ ನಡೆಸುವ ಒಬ್ಬ ಮೇಡಮ್ ನನ್ನನ್ನು ಹುಡುಕಿಕೊಂಡು ಬಂದರು. ಕೌದಿ ಹೊಲಿಯುವವರು ತಾವೇ ಫೋಟೋ ಹಾಕಿ ಮಾರುವ ಒಂದು ಆ್ಯಪ್ ಬಂದಿದೆ. ಹಳೆಯ ಫೋನುಗಳನ್ನು ಅಪ್‌ಡೇಟ್ ಮಾಡದೆ ಅದು ನಡೆಯುವುದಿಲ್ಲ. ಒಂದು ಊರಿನ ಹೆಣ್ಣುಮಕ್ಕಳು ಮಾತ್ರ ಏನು ಮಾಡಿದರೂ ಒಪ್ಪುತ್ತಿಲ್ಲ. ಈ ವಾರ ಆಗದಿದ್ದರೆ ಅವರನ್ನು ಬಿಟ್ಟು ಬೇರೆ ಊರಿಗೆ ಹೋಗಬೇಕು. "ನಿಮ್ಮ ಮಾತು ಕೇಳ್ತಾರಂತ್ರಿ ಸರ" ಎಂದರು. ಯಾವ ಊರು ಎಂದು ಕೇಳುವ ಅಗತ್ಯ ನನಗೆ ಇರಲಿಲ್ಲ.

ಲೂಯಿಜಾಬಾಯಿಯ ಊರಿನ ಶಾಲೆಯ ಪಡಸಾಲೆಯಲ್ಲಿ ಹದಿನೆಂಟು ಜನ ಕುಳಿತಿದ್ದರು. ಎಲ್ಲರೂ ಫೋನನ್ನು ಸೆರಗಿನೊಳಗೆ ಹಿಡಿದಿದ್ದರು. ನಾನು, ಅಪ್‌ಡೇಟ್‌ನಿಂದ ಏನೂ ಹೋಗುವುದಿಲ್ಲ ಎಂದು ಶುರು ಮಾಡಿದೆ. ಹಿಂದಿನ ಸಾಲಿನಿಂದ ಲೂಯಿಜಾಬಾಯಿ ಎದ್ದರು. ಕೂದಲು ಹಣ್ಣಾಗಿತ್ತು.

"ಮಾಸ್ತರ್ರ, ನಿಮಗ ಮರ್ತಿರಬೇಕು. ನನ್ನವು ಎಲ್ಲಾ ಹೋಗಿದ್ವಲ್ರಿ. ನೀವ ಹೇಳಿದ್ರಿ." ಆಮೇಲೆ ಉಳಿದವರ ಕಡೆ ತಿರುಗಿ, "ಸುಳ್ಳ ಹೇಳೂ ಮನಶಾ ಅಲ್ಲ ಅವ್ರು" ಎಂದರು.

ಆಗಿನ ಅಪ್‌ಡೇಟ್ ಹಾಗಿತ್ತು, ಈಗಿನದು ಬೇರೆ — ಈ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಲ್ಲರೂ ನಂಬುತ್ತಿದ್ದರು. ಅಂಥ ನಂಬಿಕೆಯ ಮಾತು ಅವರು ಆಡದೆ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದೆನೋ ಏನೋ.

"ಅಪ್‌ಡೇಟ್ ತಿಂದಿದ್ದಿಲ್ಲ ಬಾಯಿ. ನಾನಽ ಅಳಿಸಿದ್ದೆ" ಎಂದೆ. ಎಲ್ಲ ಹೇಳಿದೆ. ಕಸದ ಬುಟ್ಟಿ, ಮೂವತ್ತು ದಿನ, ನಾಳೆ ನಾಳೆ ಎಂದದ್ದು, ಎಲ್ಲ. ಮೇಡಮ್ ನೆಲ ನೋಡುತ್ತ ನಿಂತರು. ಯಾರೋ ಒಬ್ಬಳು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು.

ಲೂಯಿಜಾಬಾಯಿ ಬಯ್ಯಲಿಲ್ಲ. ಒಂದೇ ಒಂದು ಕೇಳಿದರು. "ಎಲ್ಲಾ ಒಂದೇ ಥರಾ ಕಂಡವಾ ನಿಮಗ? ನೀವು ಡ್ರಾಯಿಂಗ್ ಮಾಸ್ತರ್ರ ಅಲ್ರೀ?"

ಆ್ಯಪಿಗೆ ಕಣ್ಣಿಲ್ಲ. ನನಗೆ ಇತ್ತು. ಮೂವತ್ತು ವರ್ಷ ಮಕ್ಕಳಿಗೆ, ಬಣ್ಣ ನೋಡಿ, ಗೆರೆ ನೋಡಿ, ಎರಡು ಎಲೆ ಒಂದೇ ಥರ ಇರುವುದಿಲ್ಲ ಎಂದು ಬಾಯಿ ಹರಿದುಕೊಂಡವನು ನಾನೇ. ಜೇಬಿನಿಂದ ಫೋನು ತೆಗೆದು, ಹೋದದ್ದನ್ನು ತರುವ ಯಾವುದಾದರೂ ಹೊಸ ಆ್ಯಪ್ ಇರಬಹುದೇ ಎಂದು ಹುಡುಕಲು ಹೊರಟೆ, ಅಭ್ಯಾಸಬಲ.

"ಅದನ್ನ ಕಿಸೇದಾಗ ಇಡ್ರಿ" ಎಂದರು. "ಬರೂ ಐತ್ವಾರ ಹಾಳಿ, ಬಣ್ಣಾ ತಗೊಂಡ ಬರ್ರಿ. ನಾ ಒಂದೊಂದ ಕೌದಿ ಹೇಳ್ತೇನಿ, ನೀವು ಚಿತ್ರಾ ತಗೀರಿ."

ಆಮೇಲೆ ತಮ್ಮ ಫೋನನ್ನು ಮೇಡಮ್ ಕೈಗೆ ಕೊಟ್ಟರು, ನನಗೆ ಕೊಡಲಿಲ್ಲ. ಹದಿನೇಳು ಫೋನುಗಳು ಅವರ ಹಿಂದೆ ಬಂದವು.

ಅಂದಿನಿಂದ ಪ್ರತಿ ಭಾನುವಾರ ಹೋಗುತ್ತಿದ್ದೇನೆ. ಸುಮಿತ್ರಾ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಟ್ಟಿದ್ದಾಳೆ. ನಾಲ್ಕೂ ಆ್ಯಪ್ ತೆಗೆದುಹಾಕಿದ್ದೇನೆ. ಮೊದಲ ದಿನ ಟ್ರಂಕಿನ ಕೌದಿಯನ್ನು ವಾಪಸ್ಸು ಕೊಡಲು ಒಯ್ದಿದ್ದೆ. ಅವರು ತೆಗೆದುಕೊಳ್ಳದೆ ನೆಲಕ್ಕೆ ಹಾಸಿ, ಅದರ ಮೇಲೆ ಕುಳಿತು ಬರೆಯಿರಿ ಎಂದರು. ಅವರು ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ: "ಇದು ನನ್ನ ತಂಗಿ ಬಾಣಂತನದ್ದು. ನಡುವ ಕೆಂಪು ಸೀರಿ, ಸುತ್ತ ಖಾಕಿ ಅಂಗಿ. ಮೂಲ್ಯಾಗ ಮೂರಽ ಫುಲಾ. ನಾಕನೇದಕ್ಕ ಬಟ್ಟಿ ಸಾಲಲಿಲ್ಲ." ನಾನು ಬರೆಯುತ್ತೇನೆ. ವರ್ಷಗಟ್ಟಲೆ ಬ್ರಶ್ ಹಿಡಿಯದ ಕೈ, ಗೆರೆ ಓಡುವುದಿಲ್ಲ. ಕೆಲವು ಕೌದಿಗಳು ಅವರಿಗೆ ನೆನಪಾಗುವುದಿಲ್ಲ. ಎಷ್ಟು ಹೊತ್ತು ಕುಳಿತರೂ ಬರುವುದಿಲ್ಲ. ಆ ಹಾಳೆಗೆ ನಂಬರು ಮಾತ್ರ ಹಾಕಿ ಖಾಲಿ ಬಿಡಿ ಎನ್ನುತ್ತಾರೆ. ಇಲ್ಲಿಯವರೆಗೆ ಅಂಥವು ಒಂಬತ್ತು. ಆ ಒಂಬತ್ತನ್ನು ನಾನು ಸತ್ತರೂ ತುಂಬಲಾರೆ.

ಕಳೆದ ವಾರ ನಲವತ್ತೊಂದನೆಯದರ ಮತ್ತು ನಲವತ್ತೆರಡನೆಯದರ ಪೆನ್ಸಿಲ್ ಗೆರೆ ಮುಗಿಸಿ, ಬಣ್ಣ ಹಚ್ಚುವ ಮೊದಲು ಪಕ್ಕ ಪಕ್ಕ ಇಟ್ಟು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಮಾಸ್ತರ್ರ, ಇವೆರಡೂ ಒಂದೇ ಥರಾ ಆಗ್ಯಾವ" ಎಂದರು. "ಒಂದು ಅಳಸ್ರಿ."

ಮುಖದಲ್ಲಿ ನಗುವಿತ್ತೋ ಇಲ್ಲವೋ, ನಾನು ತಲೆ ಎತ್ತಿ ನೋಡಲಿಲ್ಲ. ರಬ್ಬರು ಕೈಗೆ ತೆಗೆದುಕೊಂಡೆ.

"ಯಾವುದನ್ನ ಅಳಸ್ಲಿ, ಬಾಯಿ?"

ಐದು ವರ್ಷ ತಡವಾಗಿ ಕೇಳಿದೆ.